ತೊಟ್ಟಿಲು ಬಿಟ್ಟೇಳದ ಕಂಠೆಪ್ಪನವರು

ಕಂಠೆಪ್ಪನವರು ಯಂತ್ರವನ್ನು ಕಣ್ಣಿಗಿಂತ ಮೊದಲು ಕಿವಿಯಿಂದ ಪರೀಕ್ಷಿಸುತ್ತಿದ್ದರು. ವಾಸ್ಕೋದ ನಮ್ಮ ಕಟ್ಟಡದ ಲಿಫ್ಟ್ ದುರಸ್ತಿಗೆ ಬಂದಾಗಲೆಲ್ಲ, ಗ್ರೀಸಿನ ಕಲೆಗಳಲ್ಲಿ ಮೂಲವರ್ಣವೇ ಅಳಿದುಹೋಗಿದ್ದ ಖಾಕಿ ಕೋಟಿನ ಗುಂಡಿಗಳನ್ನು ಕುತ್ತಿಗೆಯವರೆಗೂ ಹಾಕಿಕೊಂಡು, ಬಾಗಿಲಿಗೆ ಎಡಗಿವಿಯಾನಿಸಿ, ಕಣ್ಣು ಮುಚ್ಚಿ ನಿಲ್ಲುತ್ತಿದ್ದರು. ಅವಸರಪಡಿಸಿದರೆ, “ತಡೀರಿ ಸರ್, ಅದು ಏನೋ ಹೇಳಾಕತ್ತೈತಿ,” ಎನ್ನುವರು. ಮುದ್ದೇಬಿಹಾಳದ ಕಡೆಯಿಂದ ಬಂದು ಝುವಾರಿನಗರದಲ್ಲಿ ಮೂವತ್ತು ವರ್ಷ ಕಳೆದಿದ್ದ ಅವರು, ನೆಲದ ಮೇಲೆ ಕಾಲೆಳೆಯುತ್ತ ನಡೆದರೂ ಏಣಿ ಕಂಡರೆ ತರುಣರಾಗುತ್ತಿದ್ದರು.

ಎರಡು ವರ್ಷದ ಹಿಂದೆ, ಸಂಜೆಯ ಹೊತ್ತು ಮನರಂಜನಾ ಮೈದಾನವೊಂದರಲ್ಲಿ ಜೈಂಟ್ ವ್ಹೀಲ್ ನೋಡಿಕೊಳ್ಳುತ್ತಿದ್ದರು. ಒಂದು ಭಾನುವಾರ, ಜನ ಸಾಲುಗಟ್ಟಿ ನಿಂತಿದ್ದಾಗ, ಚಕ್ರದ ಅಚ್ಚಿನ ಸದ್ದು ಅವರಿಗೆ ಹಿಡಿಸಲಿಲ್ಲ. ಕೂತವರನ್ನೆಲ್ಲ ಜೋಪಾನವಾಗಿ ಇಳಿಸಿ ಚಕ್ರ ನಿಲ್ಲಿಸಿದರು. ಮಾಲೀಕ ರೇಗಿದ. ಇವರು ಫೋನ್ ಮಾಡಿದರೆ, ಆ ಭಾಗಕ್ಕೆಲ್ಲ ಒಬ್ಬರೇ ಇದ್ದ ಸರ್ಕಾರಿ ತಪಾಸಣಾಧಿಕಾರಿ, ವಾಹನವೂ ಇಲ್ಲ, ಅನುದಾನವೂ ಇಲ್ಲ, ಬರುವುದು ಮುಂದಿನ ತಿಂಗಳೇ ಎಂದರು. ಕಂಠೆಪ್ಪನವರು ಫೋನು ಜೇಬಿಗಿಟ್ಟು, ಕೆಳಗಿನ ತೊಟ್ಟಿಲಲ್ಲಿ ಕೂತುಬಿಟ್ಟರು.

“ನಡಸೋದಿದ್ರ ನನ್ನ ಕುಂದ್ರಿಸಿ ನಡಸ್ರಿ. ಮಂದೀನ ಹತ್ತಸಬ್ಯಾಡ್ರಿ.”

ನಡೆಸುವ ಧೈರ್ಯ ಮಾಲೀಕನಿಗೆ ಬರಲಿಲ್ಲ. ಜನ ಗೊಣಗುತ್ತ ಚದುರಿದರು. ಮರುದಿನ ಬಿಚ್ಚಿದಾಗ ಅಚ್ಚಿನಲ್ಲಿ ಬೆರಳುದ್ದದ ಬಿರುಕಿತ್ತು. ಮಾಲೀಕ ಅಚ್ಚನ್ನು ಬದಲಿಸಿದ, ಕಂಠೆಪ್ಪನವರನ್ನೂ ಬದಲಿಸಿದ.

ಲಿಫ್ಟ್ ಮತ್ತು ಆಟದ ಯಂತ್ರಗಳ ಮಾಲೀಕರಿಂದ ವಾರ್ಷಿಕ ಶುಲ್ಕ ಪಡೆದು ತಪಾಸಣೆಗೇ ಮೀಸಲಿಡುವ ಮಸೂದೆಯೊಂದರ ಬಗ್ಗೆ ಪಣಜಿಯಲ್ಲಿ ಶಾಸಕರ ಸಮಿತಿಯೊಂದು ಅಹವಾಲು ಸಭೆ ನಡೆಸಿದಾಗ, ಒಂದು ದಿನದ ಕೂಲಿ ಬಿಟ್ಟು ನನ್ನೊಡನೆ ಬಂದರು. ಶುಲ್ಕ ಹೊರೆಯಾಗುತ್ತದೆಂದು ಮಾಲೀಕರು ಒಬ್ಬರಾದ ಮೇಲೊಬ್ಬರು ದೂರಿದರು. ಕೊಂಕಣಿಯಲ್ಲಿ ಆರಂಭಿಸಿದ ಕಂಠೆಪ್ಪನವರ ಮಾತು ನಡುವೆ ಕನ್ನಡಕ್ಕೆ ಹೊರಳಿತು.

“ಅವತ್ತು ನಾ ಇದ್ನಿರಿ. ನಾ ಇಲ್ಲದ ಕಡಿ ಯಾರು ಕುಂದ್ರಾವ್ರು? ಸಾಹೇಬ್ರಿಗೆ ಗಾಡಿ ಕೊಡ್ರಿ, ಪಗಾರ ಕೊಡ್ರಿ. ಅವರು ಬಂದ್ ಮಾಡ್ಸಿದ್ರ ಯಾರ ನೌಕರೀನೂ ಹೋಗೂದಿಲ್ಲ.”

ಅದನ್ನು ನಾನು ಸಮಿತಿಗೆ ಕೊಂಕಣಿಯಲ್ಲಿ ಅನುವಾದಿಸಿದೆ.

ಮಸೂದೆ ಕಾಯಿದೆಯಾಯಿತು. ಹೊಸ ತಪಾಸಣಾಧಿಕಾರಿ ಹೊಸ ಜೀಪಿನಲ್ಲಿ ಅದೇ ಮೈದಾನಕ್ಕೆ ಬಂದರೆಂಬ ಸುದ್ದಿಯನ್ನು, ಈಗ ಮಡ್ಕಯಿಯ ಕಾರ್ಖಾನೆಯೊಂದರಲ್ಲಿ ದುಡಿಯುತ್ತಿರುವ ಅವರಿಗೆ ಮುಟ್ಟಿಸಿದೆ. “ಚಲೋ ಆತು ಬಿಡ್ರಿ,” ಎಂದು ಕೆಲಸಕ್ಕೆ ತಿರುಗಿದರು.

ಅನಾಹುತದ ನಂತರ ಧಾವಿಸಿ ಬಂದವರನ್ನು ಲೋಕ ಸ್ಮರಿಸುತ್ತದೆ. ಅದು ಘಟಿಸದಂತೆ ತಡೆದವರಿಗೆ ಆ ಭಾಗ್ಯವಿಲ್ಲ. ಅವರಿಂದ ಬದುಕಿ ಉಳಿದವರು ಆ ಸಂಜೆಯನ್ನು, ಆಟ ತಪ್ಪಿದ ಒಂದು ಬೇಸರದ ಸಂಜೆಯೆಂದಷ್ಟೇ ನೆನೆಯುತ್ತಾರೆ.