ದೊಡ್ಡಮ್ಮನ ಹ್ಯಾಂಡ್‌ಬ್ರೇಕ್

ಲಾರಿಯನ್ನು ಯಾರಿಗೆ ಬೇಕಾದರೂ ಕೊಟ್ಟೇನು, ಅಣ್ಣನಿಗೆ ಮಾತ್ರ ಕೊಡಲಾರೆ ಎಂದು ತೀರ್ಮಾನಿಸಿದ ಮೇಲೆಯೇ ನಾನು ಅಂಗಡಿಯ ಗೋಡೆಗೆ ಚೀಟಿ ಅಂಟಿಸಿದ್ದು. 'ಹೊಲದ ಹಳೆಯ ಲಾರಿ ಕೊಡುವುದಿದೆ. ಬಿಟ್ಟಿ. ಓಡಿಸಿ ತೋರಿಸಿದವರಿಗೆ ಮಾತ್ರ.' ಬಿಟ್ಟಿ ಎಂಬ ಪದವನ್ನು ದಪ್ಪಕ್ಷರದಲ್ಲಿ ಬರೆದೆ. ಆ ಪದ ಎಲ್ಲಿದ್ದರೂ ಅಣ್ಣ ಮೂಸಿಕೊಂಡು ಬರುತ್ತಾನೆ.

ನನ್ನದು ಬೇರಿಂಗ್ ಅಂಗಡಿ. ಬೇರಿಂಗು, ಬೆಲ್ಟು, ಆಯಿಲ್ ಸೀಲು, ಗ್ರೀಸು, ಇಷ್ಟೇ ನನ್ನ ಪ್ರಪಂಚ. ಗಿರಾಕಿಗಳಿಗೆಲ್ಲ ನಾನು ಬೇರಿಂಗ್ ಅಕ್ಕ. ಅಂಗಡಿಯ ಹಿಂದಿನ ತಗಡಿನ ಶೆಡ್ಡಿನಲ್ಲಿ ನಿಂತಿರುವುದು ಅಪ್ಪನ ಲಾರಿ. ಅದು ಅಮ್ಮನಿಗಿಂತ ಎರಡು ವರ್ಷ ದೊಡ್ಡದು. ಅದಕ್ಕೇ ಮನೆಯಲ್ಲಿ ಎಲ್ಲರೂ ಅದನ್ನು ದೊಡ್ಡಮ್ಮ ಎನ್ನುತ್ತಿದ್ದೆವು. ಎರಡು ಹೋಳಿನ ಮುಂಗಾಜು, ಮರದ ಹಲಗೆಯ ತೊಟ್ಟಿ, ಹ್ಯಾಂಡಲ್ ಹಾಕಿ ತಿರುಗಿಸಿದರೆ ಮಾತ್ರ ಎಚ್ಚರಗೊಳ್ಳುವ ಎಂಜಿನ್ನು. ಅಪ್ಪ ತೀರಿಕೊಳ್ಳುವ ಮುಂಚೆ ಹೊಲವನ್ನೆಲ್ಲ ಅಣ್ಣನ ಹೆಸರಿಗೂ ಲಾರಿಯೊಂದನ್ನು ನನ್ನ ಹೆಸರಿಗೂ ಬರೆಸಿದ್ದರು. ಅಮ್ಮ ಮಾತ್ರ ಬರೆಸುವ ಅಗತ್ಯವೇ ಇಲ್ಲದೆ ನನ್ನ ಪಾಲಿಗೆ ಬಂದಳು. ಒಂಬತ್ತು ವರ್ಷದಿಂದ ನನ್ನ ಜೊತೆಗೇ ಇದ್ದಾಳೆ.

ಈಗ ಶೆಡ್ಡಿನ ಮಾಲೀಕ ಶೆಡ್ಡು ಕೆಡವುತ್ತಿದ್ದಾನೆ. ತಿಂಗಳ ಕೊನೆಯೊಳಗೆ ದೊಡ್ಡಮ್ಮನಿಗೆ ಹೊಸ ಯಜಮಾನ ಸಿಗಬೇಕು.

ಮೊದಲು ಬಂದವನು ಫೋಟೋದವನು. ಮದುವೆ ಜೋಡಿಗಳನ್ನು ತೊಟ್ಟಿಯಲ್ಲಿ ಕೂರಿಸಿ ಫೋಟೋ ತೆಗೆಯುತ್ತಾನಂತೆ. ಎಂಜಿನ್ ಬೇಡ, ಬಾಡಿ ಮಾತ್ರ ಸಾಕು ಎಂದ. ನಿನ್ನ ಮದುವೆಗೂ ಹೆಂಡತಿಯ ಬಾಡಿ ಮಾತ್ರ ಸಾಕಾಗಿತ್ತೇನಪ್ಪಾ ಎಂದು ಕೇಳಿ ಕಳಿಸಿದೆ. ಆಮೇಲೆ ಬಂದವರು ಹಳೆಯ ಗಾಡಿಗಳ ಹುಚ್ಚಿನ ಒಬ್ಬ ನಿವೃತ್ತ ಮೇಷ್ಟ್ರು. ಹಲ್ಲುಜ್ಜುವ ಬ್ರಷ್ಷಿನಿಂದ ಗಾಡಿಯ ಸಂದಿಗೊಂದಿ ತಿಕ್ಕುವ ಜಾತಿ. ಲಾರಿಯ ಅಡಿ ನುಸುಳಿ, ಅರ್ಧ ಗಂಟೆ ಮಲಗಿದ್ದು, ಎದ್ದು ಬಂದವರೇ, "ಅಕ್ಕ, ಇದರ ಹ್ಯಾಂಡ್‌ಬ್ರೇಕು ಹಿಡಿಯಲ್ಲ ಅಲ್ವಾ?" ಎಂದರು. ಕೊಡಬೇಕಾದದ್ದು ಅವರಿಗೇ. ಆದರೆ ಅಣ್ಣ ಇನ್ನೂ ಬಂದಿರಲಿಲ್ಲ. ಹೇಳಿ ಕಳಿಸುತ್ತೇನೆ ಎಂದು ಮೇಷ್ಟ್ರನ್ನು ಸಾಗಹಾಕಿದೆ.

ಹೌದು, ಹ್ಯಾಂಡ್‌ಬ್ರೇಕು ಹಿಡಿಯುವುದಿಲ್ಲ. ನಾನು ಹುಟ್ಟುವ ಮುಂಚಿನಿಂದಲೂ ಹಿಡಿಯುತ್ತಿರಲಿಲ್ಲ. ಪೂರ್ತಿ ಹಿಡಿಯದೆ ಇದ್ದಿದ್ದರೆ ವಾಸಿ ಇತ್ತು. ಎಳೆದರೆ ಕರಕರ ಎಂದು ಸದ್ದು ಮಾಡಿ, ಹಿಡಿದ ಹಾಗೆ ನಟಿಸಿ, ಎರಡು ಮೂರು ನಿಮಿಷ ಬಿಟ್ಟು ಜಾರುತ್ತದೆ. ಅದಕ್ಕೇ ಅಪ್ಪ ನನಗೆ ಸ್ಟೇರಿಂಗ್ ಮುಟ್ಟಲು ಬಿಟ್ಟ ಮೊದಲ ದಿನವೇ ಹೇಳಿದ್ದರು: ಆ ಹಿಡಿಯನ್ನು ಮುಟ್ಟಲೇ ಬೇಡ, ಗೇರಿನಲ್ಲಿ ನಿಲ್ಲಿಸು, ಇಳಿದ ತಕ್ಷಣ ಹಿಂದಿನ ಚಕ್ರಕ್ಕೆ ಮರದ ತುಂಡು ಕೊಡು. ಇನ್ನೊಂದು ಮಾತನ್ನೂ ಹೇಳಿದ್ದರು: ಈ ವಿಷಯ ಹೊರಗೆ ಬಾಯಿ ಬಿಡಬೇಡ, ಗೊತ್ತಾದರೆ ಮಾರುಕಟ್ಟೆಯೊಳಗೆ ಗಾಡಿ ಬಿಡುವುದಿಲ್ಲ. ಅಣ್ಣನಿಗೆ ಇದೊಂದೂ ಗೊತ್ತಿರಲಿಲ್ಲ. ಅವನು ಎಂಜಿನ್ನು ಬಿಸಿಯಾದ ಮೇಲೆ ಹತ್ತಿ, ನಾಲ್ಕು ಜನ ನೋಡುವ ಕಡೆ ಓಡಿಸಿ, ಚಕ್ರ ನಿಲ್ಲುವ ಮೊದಲೇ ಇಳಿದು ಹೋಗುವವನು. ಅವನ ಹಿಂದೆ ಮರದ ತುಂಡು ಹಿಡಿದು ಓಡುವವಳು ನಾನು.

ನನಗೆ ಹತ್ತೊಂಬತ್ತಾಗಿದ್ದಾಗ ಒಂದು ದಿನ ನಾನು ಓಡಲಿಲ್ಲ. ಆಲೂಗಡ್ಡೆ ಮೂಟೆ ಹೇರಿಕೊಂಡು ಮಾರುಕಟ್ಟೆಗೆ ಹೋಗಿದ್ದೆವು. ಗೇಟಿನಲ್ಲಿ ಚೀಟಿ ತರಲು ನಾನು ಇಳಿದೆ. ಆ ಗಳಿಗೆಯಲ್ಲಿ ಅಣ್ಣ ಸ್ಟೇರಿಂಗ್ ಹಿಡಿದು ಗಾಡಿಯನ್ನು ಏರಿನ ಮೇಲೆ ತಂದು ನಿಲ್ಲಿಸಿ, ಸ್ನೇಹಿತರ ಜೊತೆ ಟೀ ಕುಡಿಯಲು ಹೋದ. ಲಾರಿ ಹಿಂದಕ್ಕೆ ಜಾರಿತು. ಮೂಟೆ ಇಳಿಸಲು ಹಿಂದೆ ಬಂದಿದ್ದ ಹಮಾಲಿಯ ಬಲಗಾಲು ಗೋಡೆಗೂ ಲಾರಿಗೂ ನಡುವೆ ನುಜ್ಜುಗುಜ್ಜಾಯಿತು. ಅವನಿಗೆ ಆಗ ಇಪ್ಪತ್ತನಾಲ್ಕು ವರ್ಷ. ಗಾಡಿ ನಿಲ್ಲಿಸಿದವರು ಯಾರೆಂದು ಅವನೂ ನೋಡಿರಲಿಲ್ಲ, ಬೇರೆ ಯಾರೂ ನೋಡಿರಲಿಲ್ಲ.

"ಅವಳೇ ನಿಲ್ಲಿಸಿದ್ದು. ಹ್ಯಾಂಡ್‌ಬ್ರೇಕ್ ಎಳೆಯೋದು ಮರೆತಿದ್ದಾಳೆ," ಎಂದ ಅಣ್ಣ. ನಾನಲ್ಲ, ನಾನಲ್ಲ ಎಂದು ಗಂಟಲು ಹರಿಯುವಂತೆ ಕೂಗಿದೆ. ಬ್ರೇಕಿನ ಗುಟ್ಟನ್ನು ಮಾತ್ರ ಅಪ್ಪನ ಮಾತಿಗೆ ಕಟ್ಟುಬಿದ್ದು ಬಾಯಿ ಬಿಡಲಿಲ್ಲ. ದಿನಾ ಓಡಿಸುವವಳು ನಾನೇ ಆದ್ದರಿಂದ ಯಾರೂ ನಂಬಲಿಲ್ಲ. ಅಪ್ಪ ನನ್ನ ಕೈಯಿಂದ ಕೀಲಿ ಕಸಿದುಕೊಂಡರು. ರೈತರ ಸಂಘದ ಲಾರಿಗೆ ಡ್ರೈವರಾಗಿ ನನ್ನನ್ನು ತೆಗೆದುಕೊಳ್ಳುವ ಮಾತಾಗಿತ್ತು, ಅದು ಆ ಮಧ್ಯಾಹ್ನವೇ ಮುರಿಯಿತು. ಹೆಣ್ಣಿನ ಕೈಗೆ ಗಾಡಿ ಕೊಟ್ಟರೆ ಇನ್ನೇನಾಗುತ್ತದೆ ಎಂದು ಊರು ಹಲ್ಲು ಕಿರಿಯಿತು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದರು ಎನ್ನುತ್ತಾರಲ್ಲ, ಆ ಬರೆ ಮೂವತ್ತೊಂದು ವರ್ಷವಾದರೂ ನನ್ನ ಮೈಮೇಲಿದೆ. ಹಮಾಲಿ ಈಗ ತೂಕದ ಕಟ್ಟೆಯಲ್ಲಿ ಕೆಲಸಕ್ಕಿದ್ದಾನೆ. ನನ್ನನ್ನು ಕಂಡರೆ ಆ ಕಾಲನ್ನು ಎಳೆದುಕೊಂಡೇ ರಸ್ತೆ ದಾಟಿ ಆಚೆ ಬದಿಗೆ ಹೋಗುತ್ತಾನೆ.

ನಿರೀಕ್ಷಿಸಿದಂತೆಯೇ ನಾಲ್ಕನೇ ದಿನ ಅಣ್ಣನ ಫೋನು ಬಂತು.

"ಏನೇ, ದೊಡ್ಡಮ್ಮನ್ನ ಬೀದಿಗೆ ಬಿಡ್ತಿದ್ದೀಯಂತೆ? ನನಗೊಂದು ಮಾತು ಹೇಳೋಕಾಗಲ್ವಾ?"

"ಈಗ ಹೇಳ್ತಿದ್ದೀನಲ್ಲ. ನಿನಗೆ ಬೇಕಾ?"

"ಬೇಕಾ ಅಂದ್ರೆ? ಹೊಸ ಹೋಟೆಲ್ ಮುಂದೆ ಕಟ್ಟೆ ಕಟ್ಸಿ ಆಯ್ತು. ಅದರ ಮೇಲೆ ನಿಲ್ಲಿಸೋದು. ಮೆನು ಕಾರ್ಡ್ ಹಿಂದೆ ಕಥೆನೂ ಪ್ರಿಂಟ್ ಹಾಕ್ಸಿದ್ದೀನಿ. ಹದಿನಾರನೇ ವಯಸ್ಸಿಗೇ ಈ ಲಾರಿ ಓಡಿಸಿ ಮನೆ ಸಾಕಿದೆ ಅಂತ."

ನನ್ನ ಕೈಯಲ್ಲಿದ್ದ ಗ್ರೀಸಿನ ಡಬ್ಬಿ ನೆಗ್ಗುವಷ್ಟು ಬಿಗಿ ಹಿಡಿದೆ. ದನಿ ಮಾತ್ರ ಬೆಣ್ಣೆ. "ಹಾಗಾದ್ರೆ ಭಾನುವಾರ ಹತ್ತು ಗಂಟೆಗೆ ಬಾ. ಓಡಿಸಿ ತೋರಿಸು, ತಗೊಂಡು ಹೋಗು."

"ನನಗೂ ಪರೀಕ್ಷೆನಾ?"

"ಎಲ್ಲರಿಗೂ ಒಂದೇ ನಿಯಮ ಕಣೋ. ನಾಲ್ಕು ಜನ ಇರ್ತಾರೆ, ನಿನ್ನ ಕೈಚಳಕ ನೋಡಲಿ."

ನಾಲ್ಕು ಜನ ಎಂದದ್ದೇ ತಡ, ಒಪ್ಪಿಕೊಂಡ.

ಆ ವಾರವಿಡೀ ನಾನು ಎಂದೂ ಇಲ್ಲದ ಹುರುಪಿನಲ್ಲಿದ್ದೆ. ಶೆಡ್ಡಿನ ಹಿಂದೆ ಹಳೆಯ ಗೋದಾಮಿಗೆ ಹೋಗುವ ಏರು ರಸ್ತೆಯಿದೆ. ಬೆಳಗ್ಗೆ ಬೇಗ ಎದ್ದು ಲಾರಿಯನ್ನು ಅಲ್ಲಿ ನಿಲ್ಲಿಸಿ, ಜನ್ಮದಲ್ಲಿ ಮೊದಲ ಸಲ ಆ ಹಿಡಿ ಎಳೆದು, ಗಡಿಯಾರ ನೋಡುತ್ತಾ, ಜಾರಿದರೆ ತುಳಿಯಲು ಕಾಲುಬ್ರೇಕಿನ ಪಕ್ಕ ಕಾಲಿಟ್ಟು ಕೂತೆ. ಐದು ಸಲ ನೋಡಿದೆ. ಎರಡೂವರೆ ನಿಮಿಷ, ಹೆಚ್ಚೆಂದರೆ ಮೂರು. ಏರಿನ ಬುಡದಲ್ಲಿ ಹಳೆಯ ಟಯರುಗಳನ್ನೂ ಮರಳಿನ ಚೀಲಗಳನ್ನೂ ಎದೆಯೆತ್ತರ ಪೇರಿಸಿದೆ. ಯಾರೂ ಹಿಂದೆ ಸುಳಿಯದಂತೆ ಎರಡೂ ಬದಿಗೆ ಹಗ್ಗ ಕಟ್ಟಿದೆ. ನನಗೆ ಬೇಕಾದದ್ದು ಅಣ್ಣನ ಮಾನ, ಇನ್ನೊಬ್ಬರ ಕಾಲಲ್ಲ. ಹಾವೂ ಸಾಯಬೇಕು, ಕೋಲೂ ಮುರಿಯಬಾರದು.

ಕಡೆಗೆ ತೂಕದ ಕಟ್ಟೆಗೆ ಹೋದೆ. ಹಮಾಲಿ ಕಿಟಕಿಯೊಳಗೆ ತಲೆ ತಗ್ಗಿಸಿ ಕೂತಿದ್ದ. ನನ್ನ ನೆರಳು ಕಂಡೇ ಮುಖ ತಿರುಗಿಸಿದ.

"ನಿಮ್ಮ ಕಾಲು ಮುರಿದಿದ್ದು ಯಾರು ಅಂತ ನೋಡಬೇಕಾದ್ರೆ ಭಾನುವಾರ ಹತ್ತು ಗಂಟೆಗೆ ಬನ್ನಿ," ಎಂದೆ.

"ನನ್ನ ಕಣ್ಣೆದುರೇ ನಿಂತಿದ್ದೀಯಲ್ಲ," ಎಂದ. ಆದರೂ ಬಂದ.

ಭಾನುವಾರ ಇಪ್ಪತ್ತು ಜನ ಸೇರಿದ್ದರು. ಹಳೆಯ ಗಿರಾಕಿಗಳು, ಪಕ್ಕದ ವೆಲ್ಡಿಂಗಿನವನು, ಬ್ರಷ್ಷಿನ ಮೇಷ್ಟ್ರು. ಅಮ್ಮನನ್ನು ಪ್ಲಾಸ್ಟಿಕ್ ಕುರ್ಚಿಯಲ್ಲಿ, ಎಲ್ಲ ಚೆನ್ನಾಗಿ ಕಾಣುವ ಜಾಗದಲ್ಲಿ ಕೂರಿಸಿದ್ದೆ. ಮಗನನ್ನು ನಂಬಿದ ಆ ಕಣ್ಣುಗಳು ಇವತ್ತು ಪೂರ್ತಿ ತೆರೆದಿರಲಿ ಎಂಬುದು ನನ್ನ ಆಸೆ. ಅಪ್ಪ ಮೋಸ ಹೋಗಿಯೇ ಸತ್ತರು, ಇವಳಾದರೂ ತಿಳಿದು ಸಾಯಲಿ.

ಅಣ್ಣ ಬಿಳಿ ಅಂಗಿ, ಕಪ್ಪು ಕನ್ನಡಕ ಹಾಕಿಕೊಂಡು ಬಂದ. ಜೊತೆಗೆ ವಿಡಿಯೋ ಮಾಡಲು ಹೋಟೆಲಿನ ಮ್ಯಾನೇಜರನ್ನೂ ಕರೆತಂದಿದ್ದ. ಹ್ಯಾಂಡಲ್ ತಿರುಗಿಸಲು ಹೋಗಿ ಎರಡು ಸಲ ಕೈ ಒದೆಸಿಕೊಂಡ. ಮೂರನೆಯ ಸಲ ನಾನೇ ಸ್ಟಾರ್ಟ್ ಮಾಡಿಕೊಟ್ಟೆ.

"ಏರಿನ ಮಧ್ಯೆ ನಿಲ್ಲಿಸು. ಇಳಿದು ಬಂದು ಈ ಕಾಗದಕ್ಕೆ ಸಹಿ ಹಾಕು. ಅಷ್ಟೇ, ಗಾಡಿ ನಿಂದು."

"ಇಷ್ಟೇನಾ!" ಎಂದು ಮ್ಯಾನೇಜರ್ ಕಡೆ ನೋಡಿ ನಕ್ಕ.

ಗೇರುಗಳನ್ನು ಕಿರುಚಿಸುತ್ತಾ, ಹೇಗೋ ಏರಿನ ಮಧ್ಯಕ್ಕೆ ಒಯ್ದ. ನಿಲ್ಲಿಸಿದ. ಕಿಟಕಿಯಿಂದ ತಲೆ ಹೊರಗೆ ಹಾಕಿ, ಎಲ್ಲರಿಗೂ ಕೇಳುವಂತೆ, "ನೋಡಿ, ಈ ಹ್ಯಾಂಡ್‌ಬ್ರೇಕ್ ಒಂದು ಸಲ ಎಳೆದರೆ ಸಾಲದು, ಮೂರು ಸಲ ಎಳೀಬೇಕು. ಇದನ್ನ ಮರೆತೇ ಇವಳು ಅವತ್ತು ಅನಾಹುತ ಮಾಡಿದ್ದು," ಎಂದ. ಎಳೆದ. ಕರಕರ. ಕರಕರ. ಕರಕರ. ಗೇರನ್ನು ನ್ಯೂಟ್ರಲ್ಲಿಗೆ ತಳ್ಳಿ, ಎಂಜಿನ್ ಆರಿಸಿ, ಕೈ ಝಾಡಿಸಿಕೊಂಡು ಇಳಿದ. ಚಕ್ರದ ಕಡೆ ತಿರುಗಿಯೂ ನೋಡಲಿಲ್ಲ.

ನನ್ನ ಮುಂದೆ ಬಂದು ನಿಂತ. ಕಾಗದ ಕೊಟ್ಟೆ. ಓದಿ ನೋಡು ಎಂದೆ. ಓದಿದ. ಪೆನ್ನು ಕೊಟ್ಟೆ. ಬೇಕೆಂದೇ ಶಾಯಿ ಮುಗಿದ ಪೆನ್ನು. ಇನ್ನೊಂದು ಕೊಟ್ಟೆ. ಸಹಿಯ ಮೊದಲ ಅಕ್ಷರ ಬರೆಯುವಷ್ಟರಲ್ಲಿ ಯಾರೋ ಕೂಗಿದರು.

ದೊಡ್ಡಮ್ಮ ಮೆಲ್ಲಗೆ ಹಿಂದೆ ಸರಿದಳು. ಆಮೇಲೆ ಮೆಲ್ಲಗೆ ಸರಿಯಲಿಲ್ಲ. ಟಯರಿನ ಗುಡ್ಡೆಗೆ ಧಡ್ ಎಂದು ಬಡಿದು, ಹಿಂದಿನ ಹಲಗೆ ಸೀಳಿ, ಮರಳು ಚೆಲ್ಲಿ, ನಿಂತಳು. ಸುಳ್ಳೇಕೆ ಹೇಳಲಿ, ಅಷ್ಟು ಸಂತೋಷ ನನಗೆ ಯಾವತ್ತೂ ಆಗಿರಲಿಲ್ಲ.

"ಬ್ರೇಕ್ ಕೆಟ್ಟಿದೆ! ಎಳೆದಿದ್ದೀನಿ ತಾನೆ, ಎಲ್ಲರೂ ನೋಡಿದ್ರಲ್ಲ!" ಅಣ್ಣ ಅರಚಿದ. ಜಟ್ಟಿ ಜಾರಿ ಬಿದ್ದರೂ ಮೀಸೆ ಮಣ್ಣಾಗಲಿಲ್ಲ.

"ನಾನು ಹುಟ್ಟೋಕೆ ಮುಂಚೆನೇ ಕೆಟ್ಟಿದೆ," ಎಂದೆ. "ದಿನಾ ಓಡಿಸ್ತಿದ್ದವರಿಗೆ ಗೊತ್ತಿತ್ತು. ನಾನು ಅದನ್ನ ಒಂದು ದಿನವೂ ಮುಟ್ಟಲಿಲ್ಲ. ಎಳೆದು ನಿಲ್ಲಿಸಿ ಟೀ ಕುಡಿಯೋಕೆ ಹೋಗಿದ್ದು ಯಾರು, ಈಗ ಹೇಳು."

ಅಷ್ಟರಲ್ಲಿ ಹಮಾಲಿ ಹಗ್ಗದ ಆಚೆಯಿಂದ ಕಾಲೆಳೆಯುತ್ತಾ ಬಂದ. ಅವನ ಮುಖ ಬೂದಿಯಾಗಿತ್ತು.

"ಈ ಸದ್ದು ಅವತ್ತೂ ಕೇಳಿತ್ತು," ಎಂದ. "ಮೂರು ಸಲ ಕರಕರ ಅಂತು. ಬ್ರೇಕ್ ಹಾಕಿದ್ರು, ಇನ್ನು ಮೂಟೆ ಇಳಿಸಬಹುದು ಅಂತಲೇ ನಾನು ಹಿಂದೆ ಹೋಗಿದ್ದು. ಆಮೇಲೆ ನೀವು ಹ್ಯಾಂಡ್‌ಬ್ರೇಕ್ ಹಾಕಿರಲಿಲ್ಲ ಅಂದ್ರಿ. ನೋವಲ್ಲಿ ನನಗೇ ಭ್ರಮೆ ಅಂದ್ಕೊಂಡೆ." ಅಣ್ಣನ ಎದುರು ನಿಂತ. ಹೊಡೆಯುತ್ತಾನೆ ಎಂದುಕೊಂಡೆ, ಹೊಡೆಯಲೆಂದು ಬಯಸಿದೆ. ಅವನು ಅಣ್ಣನ ಕಪ್ಪು ಕನ್ನಡಕವನ್ನು ತೆಗೆದು ಅವನ ಜೇಬಿಗೆ ಹಾಕಿ, ಕಣ್ಣನ್ನೇ ನೋಡಿದ. ಉಪ್ಪು ತಿಂದವನು ನೀರು ಕುಡಿಯಲೇಬೇಕು. ಅಣ್ಣ ತಲೆ ತಗ್ಗಿಸಿ, ಜನರ ನಡುವೆ ದಾರಿ ಮಾಡಿಕೊಂಡು, ಕಾರು ಹತ್ತಿ ಹೋದ. ಮ್ಯಾನೇಜರ್ ವಿಡಿಯೋ ನಿಲ್ಲಿಸುವುದನ್ನೇ ಮರೆತಿದ್ದ.

ಹಮಾಲಿ ನನ್ನ ಕಡೆ ತಿರುಗಿದ. "ತಂಗಿ, ಇದು ಬಿಟ್ಟಿ ಅಂದಿದ್ದೆ. ನನಗೆ ಕೊಡು."

"ನಿಮಗಾ? ಏನು ಮಾಡ್ತೀರ?"

"ಕತ್ತರಿಸ್ತೀನಿ. ಚೂರು ಚೂರು. ನಾನು ಇರೋವರೆಗೆ ಇದು ಇನ್ನೊಂದು ಕಡೆ ನಿಂತಿರಬಾರದು."

ಆ ಎಂಜಿನ್ನಿನ ಒಂದೊಂದು ನಟ್ಟನ್ನೂ ನಾನು ಕೈಯಾರೆ ತೊಳೆದಿದ್ದೆ. ಮೇಷ್ಟ್ರು ಆಗಲೇ ಬಿರುಕು ಬಿಟ್ಟ ಹಲಗೆಯನ್ನು ಗಾಯ ಸವರುವಂತೆ ಸವರುತ್ತಿದ್ದರು. ಕೊಟ್ಟರೆ ಮಗುವಿನ ಹಾಗೆ ನೋಡಿಕೊಳ್ಳುತ್ತಾರೆ. "ಬೇರೆ ಏನು ಬೇಕಾದ್ರೂ ಕೇಳಿ, ಅದೊಂದು ಬೇಡ," ಎಂದೆ. "ತಪ್ಪು ಅವನದು. ಗಾಡಿದಲ್ಲ, ಅಪ್ಪಂದೂ ಅಲ್ಲ. ಅಪ್ಪನಿಗೆ ಅವನು ಸುಳ್ಳು ಹೇಳಿದ."

ಹಮಾಲಿ ಲಾರಿಯ ಹತ್ತಿರ ಹೋಗಿ ನಿಂತ. ನಾನು ಅಮ್ಮನ ಹತ್ತಿರ ಹೋಗಿ, ಕುರ್ಚಿಯ ಪಕ್ಕ ಕುಕ್ಕುರುಗಾಲಲ್ಲಿ ಕೂತೆ. "ನೋಡಿದ್ಯಾ ಅಮ್ಮ? ಈಗಲಾದ್ರೂ ಗೊತ್ತಾಯ್ತಾ?"

ಅಮ್ಮ ಸೆರಗಿನ ಚುಂಗನ್ನು ಬೆರಳಿಗೆ ಸುತ್ತುತ್ತಿದ್ದಳು. "ಅವತ್ತೇ ಗೊತ್ತಿತ್ತು ಕಣೇ," ಎಂದಳು.

"ಏನು ಗೊತ್ತಿತ್ತು?"

"ನೀನಲ್ಲ ಅಂತ. ಹ್ಯಾಂಡ್‌ಬ್ರೇಕ್ ಎಳೆಯೋಕೆ ಮರೆತಳು ಅಂತ ಇವನು ಅಂದ ಕೂಡ್ಲೇ ನಿಮ್ಮಪ್ಪನಿಗೆ ಗೊತ್ತಾಯ್ತು. ನೀನು ಅದನ್ನ ಮುಟ್ಟೋದೇ ಇಲ್ಲ ಅಂತ ಅವರಿಗಿಂತ ಚೆನ್ನಾಗಿ ಯಾರಿಗೆ ಗೊತ್ತು? ಮನೆಗೆ ಬಂದು ನನ್ನ ಹತ್ರ ಅಂದ್ರು. ಬ್ರೇಕ್ ಮೊದಲಿಂದ್ಲೂ ಕೆಟ್ಟಿತ್ತು ಅಂದ್ರೆ ಪೊಲೀಸರು ಅಪ್ಪನ್ನೇ ಹಿಡ್ಕೊಂಡು ಹೋಗ್ತಿದ್ರು. ಹುಡುಗಿ ಮರೆತಳು ಅಂದ್ರೆ ಊರು ಬೈದು ಸುಮ್ಮನಾಗುತ್ತೆ ಅಂತ ಇಬ್ರೂ ಮಾತಾಡ್ಕೊಂಡ್ವಿ." ಬೆರಳಿಗೆ ಸುತ್ತಿದ ಸೆರಗನ್ನು ಬಿಚ್ಚುತ್ತಾ, "ಸುಮ್ಮನಾಯ್ತಲ್ಲ," ಎಂದಳು.

ಒಂಬತ್ತು ವರ್ಷ ಇವಳಿಗೆ ತಲೆ ಬಾಚಿದ್ದೇನೆ. ಒಂದು ದಿನವಾದರೂ, ಬಾಚಣಿಗೆ ಕೂದಲಲ್ಲಿದ್ದಾಗಲಾದರೂ ಹೇಳಬಹುದಿತ್ತು. ಅಣ್ಣ ಸುಳ್ಳು ಹೇಳಿದ. ಇವರಿಬ್ಬರು ಕೂತು, ಯೋಚಿಸಿ, ನನ್ನನ್ನು ಆರಿಸಿದರು. ಇಷ್ಟು ವರ್ಷ ಹಲ್ಲು ಕಚ್ಚಿ ಸಾಕಿದ ಸಿಟ್ಟೆಲ್ಲ ಆಗಷ್ಟೇ ಕಾರು ಹತ್ತಿ ಹೋದವನ ಮೇಲೆ ಖರ್ಚಾಗಿತ್ತು. ಇವಳ ಮೇಲೆ ತೀರಿಸಿಕೊಳ್ಳೋಣವೆಂದರೆ, ಇವಳ ಮಧ್ಯಾಹ್ನದ ಮಾತ್ರೆ ನನ್ನ ಚೀಲದಲ್ಲಿತ್ತು.

ಮಾತ್ರೆ ತೆಗೆದು ಅವಳ ಕೈಗಿಟ್ಟೆ, ನೀರು ಕೊಟ್ಟೆ. ನುಂಗಿದಳು. ಆಮೇಲೆ ಎದ್ದು, ಲಾರಿಯ ಹತ್ತಿರ ಇನ್ನೂ ನಿಂತಿದ್ದ ಹಮಾಲಿಯ ಬಳಿ ಹೋಗಿ, ಗಾಡಿಯಲ್ಲೇ ಉಳಿದಿದ್ದ ಕೀಲಿಯನ್ನು ತೆಗೆದು ಅವನ ಅಂಗೈಗೆ ಹಾಕಿದೆ.

ಮೇಷ್ಟ್ರು "ಅಯ್ಯೋ ಅಕ್ಕ!" ಎಂದರು.

ಹಮಾಲಿ ನನ್ನ ಮುಖ ನೋಡಿದ. "ಮನಸ್ಸಿದೆಯಾ?"

"ಕಟರ್ ಯಾವತ್ತು ತರ್ತೀರ ಹೇಳಿ," ಎಂದೆ. "ನಾನೂ ಬರ್ತೀನಿ. ಎಲ್ಲೆಲ್ಲಿ ಕತ್ತರಿಸಬೇಕು ಅಂತ ನನಗೆ ಗೊತ್ತು."