ಸೀಟಿನ ಕೆಳಗಿನ ವೈರು

“ಲೇ ಕನಕ, ಏಳನೇ ಕ್ಲಾಸಿಗೇ ಸ್ಕೂಲ್ ಬಿಟ್ಟೋನು ನೀನು. ಸ್ಪೀಕರ್‌ಗೆ ಕಿವಿ ಕೊಟ್ಕಂಡು ಕುಂತ್ರೆ ರಿಪೇರಿ ಆಗ್ತೈತಾ? ಏಳು, ಚೇತನ್ ನೋಡ್ತಾನೆ.”

ಮಾಲೀಕ ಪಾಲಯ್ಯ ಇದನ್ನು ಒಳಗೆ ಕರೆದು ಹೇಳಲಿಲ್ಲ. ಚಿತ್ರದುರ್ಗದ ಹೊಳಲ್ಕೆರೆ ರಸ್ತೆಯಲ್ಲಿರುವ ನಮ್ಮ ಕಾರ್ ಆಡಿಯೊ ಅಂಗಡಿಯ ಮುಂದೆ, ನಾಲ್ಕು ಜನ ಗಿರಾಕಿಗಳು ಟೀ ಕುಡಿಯುತ್ತಿದ್ದಾಗ ಹೇಳಿದ. ಒಬ್ಬ ಕಿಸಕ್ಕನೆ ನಕ್ಕ. ತುರುವನೂರಿನ ಮುದ್ದಪ್ಪ ಮಾತ್ರ ನಗಲಿಲ್ಲ. ಕುರಿ ವ್ಯಾಪಾರಿ, ಭಾರೀ ಆಳು. ರಿಪೇರಿಗೆ ನಿಂತಿದ್ದ ಜೀಪು ಅವರದೇ, ಎರಡು ದಿನದಿಂದ ಅಂಗಡಿಗೆ ಓಡಾಡುತ್ತಿದ್ದರು.

ಜೀಪಿಗೆ ಎರಡು ತೊಂದರೆ. ಎಂಜಿನ್ ಜೋರಾದಂತೆ ಸ್ಪೀಕರಿನಲ್ಲಿ ಕುಂಯ್ ಎನ್ನುವ ಸದ್ದು. ಆಗಾಗ ಆಂಪ್ಲಿಫೈಯರಿನ ಫ್ಯೂಸ್ ಹೋಗುವುದು. ಎರಡು ದಿನ ಒದ್ದಾಡಿದರೂ ನನಗೆ ಎರಡೂ ಸಿಕ್ಕಿರಲಿಲ್ಲ.

ಚೇತನ್‌ಕುಮಾರ್ ಡಿಪ್ಲೊಮಾ ಮುಗಿಸಿ ನಮ್ಮಲ್ಲಿಗೆ ಬಂದು ಆರು ತಿಂಗಳು. ನಾನು ಬಂದು ಒಂಬತ್ತು ವರ್ಷ. ಪಾಲಯ್ಯ ಹಿರಿಯೂರಿನಲ್ಲಿ ಇನ್ನೊಂದು ಅಂಗಡಿ ತೆರೆಯುವವನಿದ್ದ. ಅದನ್ನು ನೋಡಿಕೊಳ್ಳಲು ನಮ್ಮಿಬ್ಬರಲ್ಲಿ ಒಬ್ಬ. ನಾನೇ ಎಂದು ಅವ್ವನಿಗೆ ಹೇಳಿಯೂ ಆಗಿತ್ತು.

ಚೇತನ್ ಮೀಟರ್ ಇಟ್ಟು ನೋಡಿ, ಅರ್ತ್ ವೈರಿನ ಬೋಲ್ಟ್ ಬಿಚ್ಚಿದ. ಅಡಿಯಲ್ಲಿ ಪೇಂಟ್ ಹಾಗೇ ಇತ್ತು, ವೈರು ತಗಡಿಗೆ ಸರಿಯಾಗಿ ತಾಗಿರಲಿಲ್ಲ. ಎಮರಿ ಪೇಪರಿನಲ್ಲಿ ತಗಡು ಹೊಳೆಯುವವರೆಗೆ ಉಜ್ಜಿ ಮತ್ತೆ ಬಿಗಿದ. ಎಷ್ಟು ಎಕ್ಸಲರೇಟರ್ ಒತ್ತಿದರೂ ಕುಂಯ್ ಇಲ್ಲ. ಬರೀ ಕಾಲು ಗಂಟೆ. ಅವನ ಬಿಳಿ ಅಂಗಿಗೆ ಒಂದು ಕಲೆಯೂ ಆಗಿರಲಿಲ್ಲ. ಅದಕ್ಕೂ ನನ್ನ ಹೊಟ್ಟೆ ಉರಿಯಿತು.

“ನೋಡ್ರಿ, ಓದಿದ್ ಕೈ ಅಂದ್ರೆ ಇದು,” ಎಂದ ಪಾಲಯ್ಯ.

ಚೇತನ್ ಹೊಸ ಫ್ಯೂಸ್ ಹಾಕಿ, ತಾನೇ ಕೂತು ಹಾಡು ಹಚ್ಚಿದ. ಸರಿಯಿತ್ತು. ಮುದ್ದಪ್ಪ ಹತ್ತಿ, ಸೀಟನ್ನು ಹಿಂದಕ್ಕೆ ತಳ್ಳಿ ಕೂತರು. ಹಾಡು ನಿಂತಿತು, ಫ್ಯೂಸ್ ಹೋಗಿತ್ತು. ಇನ್ನೊಂದು ಫ್ಯೂಸ್ ಹಾಕಿದರೂ ಹಾಗೇ ಆಯಿತು.

“ನಾನು ಕುಂತ್ರೆ ಸಾಕು, ಇದಕ್ಕೆ ಸಿಟ್ಟು ಬರ್ತೈತೇನ್ರಿ?”

ಎಲ್ಲರೂ ನಕ್ಕರು. ನನಗೆ ಮಾತ್ರ ತಟ್ಟನೆ ಹೊಳೆಯಿತು. ಬಿದ್ದ ಸ್ಕ್ರೂಡ್ರೈವರ್ ಎತ್ತುವವನಂತೆ ಬಗ್ಗಿ ಸೀಟಿನ ಕೆಳಗೆ ನೋಡಿದೆ. ಸ್ಪೀಕರಿನ ವೈರು ಸೀಟ್ ಜಾರುವ ಪಟ್ಟಿಗೆ ಸಿಕ್ಕಿ ಸಿಪ್ಪೆ ಕಿತ್ತುಹೋಗಿತ್ತು. ಸೀಟು ಹಿಂದೆ ಸರಿದಾಗ ತಾಮ್ರ ಕಬ್ಬಿಣಕ್ಕೆ ತಾಗುತ್ತಿತ್ತು.

ಹೋದ ವರ್ಷ ಆ ವೈರು ಎಳೆದವನು ನಾನೇ. ಕ್ಲಿಪ್ ಹಾಕಲು ಬೇಜಾರಾಗಿ ಹಾಗೇ ತೂರಿಸಿದ್ದೆ.

ಹೇಳಿದರೆ ನನ್ನ ಕೆಲಸ ಬಯಲಾಗುತ್ತದೆ, ಚೇತನ್ ಗೆಲ್ಲುತ್ತಾನೆ. ಹೇಳದಿದ್ದರೆ ಅವನೂ ನನ್ನಂತೆ ಪೆದ್ದನಾಗುತ್ತಾನೆ. ಎದ್ದು ಕೈ ಒರೆಸಿಕೊಂಡೆ.

ಚೇತನ್ ಆಂಪ್ಲಿಫೈಯರನ್ನು ಮೇಜಿನ ಮೇಲಿಟ್ಟು ಪರೀಕ್ಷಿಸಿ ಬಂದ. “ಇದು ಸರಿ ಐತೆ ಸರ್. ಶಾರ್ಟ್ ಇರೋದು ವೈರಿಂಗ್‌ನಾಗೆ. ಎಲ್ಲಾ ಬಿಚ್ಚಿ ನೋಡ್ಬೇಕು, ಸಂಜೆ ಆಗ್ತೈತೆ.”

“ಸಂಜೆನಾ? ಹೊಸದುರ್ಗದಾಗೆ ಕುರಿ ಕಾಯ್ತಾ ಅವೆ ಕಣಪ್ಪ. ದೊಡ್ಡ ಫ್ಯೂಸ್ ಹಾಕಿ ಕಳಿಸ್ರಿ,” ಎಂದರು ಮುದ್ದಪ್ಪ.

“ಹಾಕೋ ಚೇತನ್,” ಎಂದ ಪಾಲಯ್ಯ.

ಚೇತನ್ ಅನುಮಾನಿಸಿ ನನ್ನತ್ತ ತಿರುಗಿದ. “ಕನಕಣ್ಣ, ಹಾಕ್ಬೋದಾ?”

ನಿಜವಾಗಿಯೇ ಕೇಳಿದ್ದ. ದೊಡ್ಡ ಫ್ಯೂಸ್ ಹಾಕಿದರೆ ಅದು ಹೋಗುವ ಬದಲು ಬೇರೇನಾದರೂ ಸುಡುತ್ತದೆಂದು ನನಗೆ ಗೊತ್ತಿತ್ತು.

“ಡಿಪ್ಲೊಮಾ ನಂದಾ, ನಿಂದಾ?” ಅಂದೆ. ಟೀ ಕುಡಿಯುತ್ತಿದ್ದವರು ಈ ಸಲ ಅವನನ್ನು ನೋಡಿ ನಕ್ಕರು.

ಅವನು ಆಂಪ್ಲಿಫೈಯರನ್ನು ಮತ್ತೆ ಕೂರಿಸಿ, ಸೀಟು ಮುಂದೆಳೆದು, ದೊಡ್ಡ ಫ್ಯೂಸ್ ಹಾಕಿದ. ಮುದ್ದಪ್ಪ ಕೂತು ಸೀಟು ತಳ್ಳಿದರು. ಫ್ಯೂಸ್ ಹೋಗಲಿಲ್ಲ, ಆಂಪ್ಲಿಫೈಯರೇ ಹೊಗೆಯಾಡಿತು. ಚೇತನ್ ಬರಿಗೈಯಲ್ಲಿ ವೈರು ಕಿತ್ತ. ಬೆರಳು ಸುಟ್ಟಿತು. ಸುಟ್ಟ ಬೆರಳಲ್ಲೇ ಸೀಟಿನ ಕೆಳಗೆ ತಡಕಿ ಆ ತಾಮ್ರವನ್ನು ಹೊರಗೆಳೆದ.

“ನನ್ ತಪ್ಪು ಸರ್. ಇಲ್ಲಿ ಮೊದ್ಲೇ ನೋಡ್ಬೇಕಿತ್ತು.”

“ಥೂ! ನಿನ್ನ ನಂಬಿ ಹಿರಿಯೂರು ಕೊಡಾಕೆ ಹೊಂಟಿದ್ನಲ್ಲ! ಕನಕ, ನೀನೇ ಹೋಗಲೇ ಅಲ್ಲಿಗೆ.” ಆ ವೈರು ಎಳೆದವರು ಯಾರೆಂದು ಕೇಳದೆಯೇ ಪಾಲಯ್ಯ ಮುದ್ದಪ್ಪನವರನ್ನು ಸಮಾಧಾನ ಮಾಡುತ್ತ ಒಳಗೆ ಕರೆದೊಯ್ದ.

ಪಾಲಯ್ಯನ ಬಾಯಿಂದ ನಾನು ಕೇಳಬೇಕೆಂದಿದ್ದ ಮಾತು ಕೇಳಿಯಾಗಿತ್ತು. ಚೇತನ್ ಬೆರಳಿಗೆ ನೀರು ಸುರಿದುಕೊಳ್ಳುತ್ತ ನನ್ನ ಮುಖ ನೋಡಿದ.

“ನೀನು ಆಗ್ಲೇ ಬಗ್ಗಿ ನೋಡ್ದಲ್ಲ ಕನಕಣ್ಣ. ಕಾಣ್ಲಿಲ್ವಾ?”

ನಾನು ಕೈ ಒರೆಸುವ ಬಟ್ಟೆಯನ್ನು ಮೇಜಿನ ಮೇಲೆಸೆದು ರಸ್ತೆಗಿಳಿದೆ. ಅವನು ಅದನ್ನೇ ಇನ್ನೊಮ್ಮೆ ಕೂಗಿ ಕೇಳಿದ. ನಾನು ನಡೆಯುತ್ತಲೇ ಇದ್ದೆ.