ದಮಯಂತಿ ಮದುವೆಗೆ ಕರೆಯಲು ಹೊರಟದ್ದು

೧
ಎಲ್ಲಿಂದ ಶುರು ಮಾಡಲಿ? ಖರ್ಚಿನಿಂದಲೇ ಆಗಲಿ. ಒಬ್ಬ ಹೆಂಗಸಿನ ಮುಖ ಕದಿಯಲು ಬೇಕಾದದ್ದು ಫೇಸ್‌ಬುಕ್‌ನ ಒಂದು ಫೋಟೊ, ಪುಕ್ಕಟೆ ಸಿಗುವ ಒಂದು ಆ್ಯಪ್, ಲೋಟದ ಕಾಫಿ ಆರುವಷ್ಟು ಹೊತ್ತು. ಆಮೇಲೆ ಅವಳು ಅದೇ ಮುಖ ಹೊತ್ತು ಅಂಗಡಿಗೆ ಹೋಗಿ ಅರ್ಧ ಕೆ.ಜಿ. ಸಕ್ಕರೆ ಕೇಳಲು ಏನೇನು ಬೇಕು? ನೀವೇ ಲೆಕ್ಕ ಹಾಕಿ. ನನಗೆ ಬರಲಿಲ್ಲ.

೨
(ಈ ಕಥೆಯ ಮೊದಲ ಡ್ರಾಫ್ಟಿನಲ್ಲಿ ಕೊಡಗಿನ ಮಂಜು, ಕಾಫಿ ಹೂವು ಎಲ್ಲ ಇತ್ತು. ಹರಿದು ಹಾಕಿದೆ. ಬೇಕಾದವರು ಹೋಮ್‌ಸ್ಟೇಗೆ ಬಂದು ನೋಡಿಕೊಳ್ಳಲಿ.)

ವಿಷಯ ಇಷ್ಟು. ನಾಪೋಕ್ಲು ಹತ್ತಿರದ ದಮಯಂತಿ, ಮಗಳು ಅಶ್ವಿತಾಳ ಮದುವೆಗೆ ಕರೆಯಲು ಹೊರಡಬೇಕಿದ್ದ ವಾರವೇ ಊರಿನ ವಾಟ್ಸ್ಆ್ಯಪ್ ಗ್ರೂಪಿಗೆ ಒಂದು ವಿಡಿಯೊ ಬಿತ್ತು. ಯಾವುದೋ ಲಾಡ್ಜ್ ರೂಮು, ಯಾರೋ ಗಂಡಸು, ದಮಯಂತಿಯ ಮುಖ. ಮುಖ ಮಾತ್ರ ಅವಳದು, ಉಳಿದದ್ದೆಲ್ಲ ಕಂಪ್ಯೂಟರ್ ಕಟ್ಟಿದ್ದು. ಡೀಪ್‌ಫೇಕ್ ಅನ್ನುತ್ತಾರಂತೆ.

ನಮ್ಮ ಕಡೆ ಮದುವೆಗೆ ಮನೆಗೇ ಹೋಗಿ ಕರೆಯಬೇಕು. ಫೋನಿನಲ್ಲಿ ಕರೆದರೆ ಕರೆದ ಹಾಗಲ್ಲ. ಈಗ ಅವಳು ಆ ಮನೆಗಳ ಬಾಗಿಲಲ್ಲಿ ನಿಲ್ಲುತ್ತಾಳೋ ಇಲ್ಲವೋ ಎಂಬುದೇ ಕಥೆ.

೩
ಗಂಡ ನಾಣಯ್ಯ ಮೆಲ್ಲಗೆ ಹೇಳಿದ: "ನೀ ಬೇಡ. ನಾ ಒಬ್ನೇ ಹೋಗಿ ಕರ್ದು ಬರ್ತೇನೆ. ನಿಂಗೆ ಜ್ವರ ಅಂತ ಹೇಳಿದ್ರಾಯ್ತು."

"ನಂಗೆ ಎಂಥಕ್ಕೆ ಜ್ವರ? ಅದನ್ನ ಕಳ್ಸಿದವಂಗೆ ಬರ್ಲಿ."

೪
ನಾನು ಒಂದು ಜಾಣ ಅಂತ್ಯ ಬರೆದೆ. ವಿಡಿಯೊದ ಹೆಂಗಸಿನ ಸೀರೆಯ ನೆರಿಗೆ ಮುಂದಿದೆ. ದಮಯಂತಿ ಕೊಡಗಿನ ಕ್ರಮದಲ್ಲಿ ನೆರಿಗೆ ಬೆನ್ನ ಹಿಂದೆ ಸಿಕ್ಕಿಸುವವಳು. ಅಶ್ವಿತಾ ಅದನ್ನು ಕಂಡುಹಿಡಿದು ಗ್ರೂಪಿಗೆ ಹಾಕುತ್ತಾಳೆ, ಎಲ್ಲರ ಬಾಯಿ ಬಂದ್. ಹೆಮ್ಮೆಯಿಂದ ದಮಯಂತಿಗೆ ಓದಿ ಹೇಳಿದೆ.

"ಅಕ್ಕಾ, ನೆರಿಗೆ ಹಿಂದೆ ಇದ್ದಿದ್ರೆ ಅದು ನಾನೇ ಆಗ್ತಿದ್ನಾ?"

"ಹಾಗಲ್ಲ ಮಾರಾಯ್ತಿ, ಕಥೆಗೆ ಒಂದು ಸಾಕ್ಷಿ ಅಂತ..."

"ನಾಳೆ ಅವ್ರು ನೆರಿಗೆನೂ ಸರಿ ಮಾಡ್ತಾರೆ. ಆಗ ನಿಮ್ಮ ಕಥೆ ಎಂಥ ಹೇಳ್ತದೆ? ಹರೀರಿ ಅದನ್ನ."

ಹರಿದೆ. (ಕಾಗದ ನನ್ನದು, ದರ್ಬಾರು ಅವಳದು.)

೫
ಇನ್ನೊಂದು ಅಂತ್ಯ: ಪೊಲೀಸರು ಕಳ್ಳನನ್ನು ಹಿಡಿಯುತ್ತಾರೆ. ಇದನ್ನು ನಾನೇ ನಂಬಲಿಲ್ಲ. ದೂರು ಕೊಟ್ಟದ್ದಂತೂ ಹೌದು. ವಿಡಿಯೊ ಬಂದ ನಂಬರು, ಗ್ರೂಪಿನ ಸ್ಕ್ರೀನ್‌ಶಾಟ್ ಎಲ್ಲ ಉಳಿಸಿಕೊಂಡು ಅಶ್ವಿತಾ ತಾಯಿಯನ್ನು ಮಡಿಕೇರಿಗೆ ಕರೆದೊಯ್ದಳು. (ನಿಮಗೂ ಹೀಗಾದರೆ ಸಿಟ್ಟಿನಲ್ಲಿ ಎಲ್ಲ ಅಳಿಸಿಬಿಡಬೇಡಿ. ಕಥೆಯ ನಡುವೆ ಉಪದೇಶ ಬರಬಾರದಂತೆ. ಬರಲಿ.)

೬
ಇದು ದಮಯಂತಿಯೇ ಬರೆಸಿದ್ದು.

ಒಳ್ಳೆಯ ಸೀರೆ ಉಟ್ಟು, ನಾಣಯ್ಯನನ್ನು ಪಕ್ಕದಲ್ಲಿ ಕೂರಿಸಿಕೊಂಡು, ಜೀಪು ತಾನೇ ಓಡಿಸಿಕೊಂಡು ಹೊರಟಳು. ಮೊದಲ ಮನೆ ನೆಂಟರ ಹುಡುಗ ಪ್ರಜ್ಞೇಶನದು. ವಿಡಿಯೊವನ್ನು ಬೇರೆ ಗ್ರೂಪುಗಳಿಗೆ ತಳ್ಳಿದವನು ಇವನೇ. ಕುರ್ಚಿ ಹಾಕಿದ, ಅವಳನ್ನು ನೋಡಲಿಲ್ಲ.

"ಅಶ್ವಿತಾಳ ಮದ್ವೆ, ಎಲ್ರೂ ಬರ್ಬೇಕು. ಆ ವಿಡಿಯೊ ನೋಡಿದ್ಯಾ?"

"ಅದು... ಯಾರೋ ಕಳ್ಸಿದ್ರು ಚಿಕ್ಕಮ್ಮ. ನಾನೂ ಸುಮ್ನೆ..."

"ಅದು ನಾನಲ್ಲ. ಮದ್ವೆಗೆ ಫೋನಲ್ಲಿ ಕರ್ದ್ರೆ ನೀನು ಬರೂದಿಲ್ಲ, ಮನೆಗೇ ಬಂದು ಕರೀಬೇಕು. ನನ್ನ ಮಾನ ತೆಗಿಯೂಕೆ ಮಾತ್ರ ಫೋನು ಸಾಕಾ? ನನ್ನ ಮನೆ ದಾರಿ ಮರ್ತು ಹೋಗಿತ್ತಾ? ಬಂದು ಕೇಳೂಕೆ ಎಂಥ ಆಗಿತ್ತು ನಿಂಗೆ?"

ಪ್ರಜ್ಞೇಶ್ ಫೋನನ್ನು ಕಿಸೆಗೆ ತುರುಕಿದ.

"ಎಲ್ಲೆಲ್ಲಿಗೆ ಕಳ್ಸಿದ್ಯೋ ಅಲ್ಲಿಗೆಲ್ಲ ಅದು ಸುಳ್ಳು ಅಂತ ಬರಿ. ಈಗ್ಲೇ. ನಾ ಇಲ್ಲೇ ಕೂತಿರ್ತೇನೆ. ಕಾಫಿ ಮಾಡ್ಸು."

ಬರೆದ. ಕಾಫಿಯೂ ಬಂತು. ಅವಳು ಪೂರ್ತಿ ಕುಡಿದೇ ಎದ್ದಳು.

ಮುಂದಿನ ಮನೆಯಲ್ಲೂ ಮೊದಲು ಮದುವೆಯ ಮಾತು, ಆಮೇಲೆ ವಿಡಿಯೊದ ಮಾತು. ಅದರ ಮುಂದಿನ ಮನೆಯಲ್ಲೂ.

೭
"ಇಲ್ಲಿಗೆ ಮುಗಿಸಲಾ?" ಎಂದು ಕೇಳಿದೆ.

"ಅದೇ ಮುಗ್ದಿಲ್ಲ, ನೀವು ಹೆಂಗೆ ಮುಗಿಸ್ತೀರಿ ಅಕ್ಕ?"

ಹಾಗಾಗಿ ಮುಗಿಸುತ್ತಿಲ್ಲ. ಇದುವರೆಗಿನದನ್ನು ಹೇಳುತ್ತೇನೆ. ದಮಯಂತಿಯ ಜೊತೆ ಶಾಲೆಗೆ ಹೋಗಿದ್ದ ಯಮುನ, ಅವಳು ಕರೆಯಲು ಹೋದಾಗ ಒಳಗಿದ್ದೂ ಬಾಗಿಲು ತೆಗೆಯಲಿಲ್ಲ. ಆ ಸ್ನೇಹ ಹೋಯಿತು. ಮದುವೆಗೆ ಜನ ಬಂದರು. ಕೆಲವರು ಅವಳನ್ನು ನೋಡಲೆಂದೇ ಬಂದರು, ಅವರಿಗೂ ಅವಳೇ ನಿಂತು ಬಡಿಸಿದಳು. ವಿಡಿಯೊ ಮಾಡಿದವನು ಸಿಕ್ಕಿಲ್ಲ. ವಿಡಿಯೊ ಇನ್ನೂ ಎಲ್ಲೋ ಓಡಾಡುತ್ತಿದೆ. ಅವಳೂ ಓಡಾಡುತ್ತಿದ್ದಾಳೆ.